ಅತ್ತಿಗೆಯ ಅಂಗಾಲು

ಅತ್ತಿಗೆಯ ಬಲಗಾಲಿನ ಅಂಗಾಲಲ್ಲಿ, ಹಿಮ್ಮಡಿಗೆ ಸ್ವಲ್ಪ ಮುಂದೆ, ಒಂದು ಕಪ್ಪು ಚುಕ್ಕೆ ಕಾಣಿಸಿಕೊಂಡು ಒಂದೂವರೆ ವರ್ಷವಾಗಿತ್ತು. ಅಷ್ಟೂ ದಿನ ಅದನ್ನು ಹೊಲಿಗೆ ಮೆಷಿನ್ನಿನ ಎಣ್ಣೆಯ ಕಲೆ ಎಂದುಕೊಂಡು ಅವರನ್ನು ಬೈಯುತ್ತಿದ್ದವಳು ನಾನು. ಮಧ್ಯಾಹ್ನ ಊಟವಾದ ಮೇಲೆ ಹತ್ತು ನಿಮಿಷ ಮಂಚದ ಮೇಲೆ ಕಾಲು ಚಾಚಿ ಮಲಗುವುದು ಅವರ ರೂಢಿ. ನಾನು ಆ ಕಡೆ ಹೋದರೆ ಮೊದಲು ಕಾಣುವುದೇ ಆ ಕಲೆ. "ಕಾಲು ತೊಳ್ಕೊಂಡು ಮಲ್ಗೋಕೆ ಏನು ಕಷ್ಟ ಅತ್ತಿಗೆ ನಿಮ್ಗೆ? ಹಾಸಿಗೆ ಬಟ್ಟೆ ಒಗೆಯೋಳು ನಾನಲ್ವಾ?" ಎನ್ನುತ್ತಿದ್ದೆ. ಅವರು ಕಣ್ಣು ಬಿಡದೆಯೇ, "ತೊಳ್ದಿದ್ದೀನಿ ಕಣೇ ಬಜಾರಿ" ಎನ್ನುತ್ತಿದ್ದರು. ತೊಳೆದಿದ್ದರು ಪಾಪ. ಕಲೆ ಹೋಗಿರಲಿಲ್ಲ, ಅಷ್ಟೆ.

ನಮ್ಮಿಬ್ಬರ ವಿಷಯ ಮೊದಲೇ ಹೇಳಿಬಿಡುತ್ತೇನೆ. ಅವರು ನನ್ನ ಅಣ್ಣನ ಹೆಂಡತಿ. ಮದುವೆಯಾಗಿ ಈ ಮನೆಗೆ ಬಂದಾಗ ನನಗೆ ಹದಿನಾಲ್ಕು ವರ್ಷ. ಬಂದ ಮೂರನೇ ದಿನವೇ ನನ್ನ ಬಾಚಣಿಗೆ ಮುಟ್ಟಿದರೆಂದು ಜಗಳ ತೆಗೆದೆ. ಆ ಜಗಳ ಇವತ್ತಿಗೂ ಮುಗಿದಿಲ್ಲ, ಕಾರಣಗಳು ಮಾತ್ರ ಬದಲಾಗಿವೆ. ಆದರೆ ಬೈಯುವಾಗಲೂ ನಾನು 'ನೀವು' ಬಿಟ್ಟವಳಲ್ಲ, ಅಷ್ಟು ಮರ್ಯಾದೆ ಇಟ್ಟುಕೊಂಡಿದ್ದೇನೆ. ಅಣ್ಣ ನೀರಿನ ಟ್ಯಾಂಕರ್ ಓಡಿಸುತ್ತಿದ್ದ. ಒಂಬತ್ತು ವರ್ಷದ ಹಿಂದೆ ಒಂದು ಬೆಳಿಗ್ಗೆ ಗಾಡಿ ತೊಳೆಯುತ್ತಿದ್ದವನು ಎದೆ ಹಿಡಿದುಕೊಂಡು ಕೂತ, ಮತ್ತೆ ಏಳಲಿಲ್ಲ. ಮಕ್ಕಳಿರಲಿಲ್ಲ. ನಾನೋ, ಮದುವೆಯಾಗಿ ಎರಡೇ ವರ್ಷಕ್ಕೆ ಪೆಟ್ಟಿಗೆ ಹಿಡಿದು ವಾಪಸು ಬಂದವಳು. ಯಾಕೆಂದು ಕೇಳಬೇಡಿ, ಆ ಮನುಷ್ಯನಿಗಾಗಿ ಕಾಗದ ಹಾಳು ಮಾಡುವ ಮನಸ್ಸು ನನಗಿಲ್ಲ. ಹೀಗೆ ಮನೆಯಲ್ಲಿ ಉಳಿದದ್ದು ಅತ್ತಿಗೆ ಮತ್ತು ನಾದಿನಿ.

ಬೀದಿಗೆ ಬಾಗಿಲು ತೆರೆಯುವ ಮುಂದಿನ ಕೋಣೆಯೇ ನಮ್ಮ ಅಂಗಡಿ. ಕಾಲಲ್ಲಿ ತುಳಿಯುವ ಒಂದು ಹೊಲಿಗೆ ಮೆಷಿನ್, ಕತ್ತರಿಸುವ ಮೇಜು, ಮೂಲೆ ಒಡೆದ ನಿಲುಗನ್ನಡಿ, ಹೊಲಿದು ಮುಗಿದ ಬಟ್ಟೆ ತೂಗುಹಾಕುವ ತಂತಿ. ಕತ್ತರಿಸುವುದು, ಮೆಷಿನ್ ತುಳಿಯುವುದು ಅತ್ತಿಗೆ. ಹೆಮ್ಮಿಂಗು, ಹುಕ್ಕು, ಕಾಜಾ, ಗುಂಡಿ, ಇಸ್ತ್ರಿ, ಆಮೇಲೆ ಗಿರಾಕಿಗಳ ಜೊತೆ ಬಾಯಿಗೆ ಬಾಯಿ ಕೊಡುವುದು ನಾನು. ಅತ್ತಿಗೆ ಬರಿಗಾಲಲ್ಲೇ ಪೆಡಲ್ ತುಳಿಯುತ್ತಾರೆ. ಚಪ್ಪಲಿ ಹಾಕಿಕೊಂಡರೆ ಮೆಷಿನ್ ಎಲ್ಲಿ ನಿಲ್ಲುತ್ತದೆಂದು ಕಾಲಿಗೆ ತಿಳಿಯುವುದಿಲ್ಲವಂತೆ.

ನಮ್ಮಲ್ಲಿ ದೊಡ್ಡ ಪುಸ್ತಕ ಇಟ್ಟುಕೊಂಡು ಅಳತೆ ಬರೆಯುವ ಪದ್ಧತಿ ಇಲ್ಲ. ಕೈಗೆ ಸಿಕ್ಕ ಚೂರು ಕಾಗದದಲ್ಲಿ ಅಳತೆ ಗೀಚಿ, ಗುಂಡುಸೂಜಿಯಲ್ಲಿ ಅವರವರ ಬಟ್ಟೆಗೇ ಚುಚ್ಚಿಬಿಡುವುದು. ಆ ಚೀಟಿ ಬಟ್ಟೆಯ ಜೊತೆಗೇ ಕತ್ತರಿಗೆ, ಮೆಷಿನ್ನಿಗೆ, ಇಸ್ತ್ರಿಗೆ ಹೋಗಿ ಕೊನೆಗೆ ಗಿರಾಕಿಯ ಮನೆಯನ್ನೂ ಸೇರುತ್ತದೆ. ಹಳೆಯ ಕ್ಯಾಲೆಂಡರಿನ ಹಿಂಬದಿ, ಸೋಪಿನ ಹೊದಿಕೆ, ಲಕೋಟೆಯ ಚೂರು, ಯಾವುದಾದರೂ ಆದೀತು.

ಚುಕ್ಕೆ ಎಳ್ಳಿನಷ್ಟಿದ್ದದ್ದು ಬಟಾಣಿಯಷ್ಟಾಯಿತು. ಅಂಚು ಒಂದು ಕಡೆ ಕಂದು, ಇನ್ನೊಂದು ಕಡೆ ಮಸಿ. ಒಂದು ದಿನ ಪೆಡಲಿನ ಮೇಲೆ ರಕ್ತದ ಗುರುತು ಕಂಡಿತು. ಅತ್ತಿಗೆ ಸೂಜಿ ಚುಚ್ಚಿರಬೇಕೆಂದು ಹುಡುಕಿದರು. ಸೂಜಿ ಇರಲಿಲ್ಲ. ಮೆಡಿಕಲ್ ಶಾಪಿನವನ ಹತ್ತಿರ ಮುಲಾಮು ಕೇಳಲು ಹೋದರೆ ಅವನು ಕಾಲು ನೋಡಿ, "ಇದಕ್ಕೆ ಮುಲಾಮು ನಾನು ಕೊಡಲ್ಲ ಅಕ್ಕ. ದೊಡ್ಡಾಸ್ಪತ್ರೆಗೆ ಹೋಗಿ, ಚರ್ಮದ ಡಾಕ್ಟ್ರಿಗೆ ತೋರ್ಸಿ" ಎಂದ. ವ್ಯಾಪಾರ ಬಿಟ್ಟುಕೊಡುವವನಲ್ಲ ಅವನು. ಹಾಗಾಗಿ ಮಾರನೆಯ ದಿನವೇ ಅತ್ತಿಗೆಯನ್ನು ದೊಡ್ಡಾಸ್ಪತ್ರೆಗೆ ಹೊರಡಿಸಿದೆ.

ಚರ್ಮದ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ದೀಪ ಇರುವ ಭೂತಗನ್ನಡಿ ಹಿಡಿದು ತುಂಬ ಹೊತ್ತು ನೋಡಿದರು. "ಅಂಗಾಲಲ್ಲಿ ಹೊಸದಾಗಿ ಬಂದು ಹೀಗೆ ಹರಡೋ ಮಚ್ಚೆನ ನಾವು ಸುಮ್ನೆ ಬಿಡಲ್ಲ. ಕತ್ತರಿಸಿ ತೆಗೆದು ಬಯಾಪ್ಸಿಗೆ ಕಳಿಸೋಣ" ಎಂದರು.

"ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ ಡಾಕ್ಟ್ರೇ?" ಎಂದರು ಅತ್ತಿಗೆ.

"ಇದು ಉಗುರಲ್ಲಿ ಹೋಗೋದಲ್ಲಮ್ಮ."

ಸುತ್ತು ಬಳಸಿ ಕೇಳುವುದು ನನಗೆ ಬರುವುದಿಲ್ಲ. "ಕ್ಯಾನ್ಸರ್ರಾ?" ಎಂದೆ. ಡಾಕ್ಟರು ನನ್ನ ಮುಖ ನೋಡಿ, "ಇರಬಹುದು, ಇಲ್ದೇನೂ ಇರಬಹುದು. ಹತ್ತು ದಿನದಲ್ಲಿ ಗೊತ್ತಾಗುತ್ತೆ" ಎಂದರು. ಅತ್ತಿಗೆ ನನ್ನ ಕಡೆ ತಿರುಗಿ, "ನಿನ್ನ ಬಾಯಿಗಿಷ್ಟು" ಎಂದು ಗೊಣಗಿದರು.

ಇಂಜೆಕ್ಷನ್ ಕೊಟ್ಟು ಅರ್ಧ ಗಂಟೆಯಲ್ಲಿ ತೆಗೆದರು. ಅಂಗಾಲಿನ ಇಂಜೆಕ್ಷನ್ ನೋವೆಂದರೆ ಪ್ರಾಣ ಹೋಗುವ ನೋವಂತೆ, ಆದರೂ ಅತ್ತಿಗೆ ಹಲ್ಲು ಕಚ್ಚಿ ನನ್ನ ಕೈಯನ್ನೇ ಹಿಂಡಿದರು. ನನ್ನ ಬೆರಳು ಸಂಜೆಯವರೆಗೂ ಮಡಚಲಾಗಲಿಲ್ಲ. ಬ್ಯಾಂಡೇಜು ಕಟ್ಟುವ ಮೊದಲು ಅವರು ಡಾಕ್ಟರ ಹತ್ತಿರ ಕನ್ನಡಿ ಕೇಳಿ ಹೊಲಿಗೆ ನೋಡಿದರು.

"ಎಷ್ಟು ಹಾಕಿದ್ರಿ?"

"ಆರು."

"ದೂರ ದೂರ ಆಯ್ತು. ನನ್ನ ಹತ್ರ ಕಲಿಯೋಕೆ ಬಂದಿದ್ರೆ ಬಿಚ್ಚಿಸಿ ಮತ್ತೆ ಹಾಕಿಸ್ತಿದ್ದೆ."

ಡಾಕ್ಟರು ಜೋರಾಗಿ ನಕ್ಕರು. ಮೂರು ವಾರ ಆ ಕಾಲು ಊರಬಾರದು, ಪೆಡಲಿನ ಮಾತೇ ಎತ್ತಬಾರದು ಎಂದರು. ಹೊರಗೆ ಕಿಟಕಿಯಲ್ಲಿ ಕೂತವನು ನಂಬರು, ಹೆಸರು, ಬಯಾಪ್ಸಿ ಎಂದೆಲ್ಲ ಬರೆದ ಒಂದು ದಪ್ಪ ಹಳದಿ ಚೀಟಿ ಕೊಟ್ಟ, ಹಿಂಬದಿ ಬೆಳ್ಳಗೆ ಖಾಲಿ. ಹತ್ತು ದಿನ ಬಿಟ್ಟು ಅದನ್ನು ತೋರಿಸಿ ರಿಪೋರ್ಟು ತೆಗೆದುಕೊಳ್ಳಬೇಕು. ಅತ್ತಿಗೆ ಅದನ್ನು ತಮ್ಮ ಕೈಚೀಲಕ್ಕೆ ಹಾಕಿಕೊಂಡರು. ನಾನೇ ಇಟ್ಟುಕೊಳ್ಳುತ್ತೇನೆ ಎಂದೆ. "ನೀನು ನಿನ್ನ ತಲೆನೇ ಎಲ್ಲಾದ್ರೂ ಮರೆತು ಬರೋಳು" ಎಂದರು.

ಆಟೋ ಇಳಿದರೆ ಬಾಗಿಲ ಮೆಟ್ಟಿಲ ಮೇಲೆ ಮೂವರು ಗಿರಾಕಿಗಳು ಕಾಯುತ್ತಿದ್ದಾರೆ. ಹೋಗಿ ನಾಳೆ ಬನ್ನಿ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತಿಗೆ ಕುಂಟುತ್ತಾ ಒಳಗೆ ಹೋಗಿ ಕುರ್ಚಿಯಲ್ಲಿ ಕೂತು, ಟೇಪು ಕೊರಳಿಗೆ ಹಾಕಿಕೊಂಡು, "ಬನ್ನಿ, ಹತ್ರ ಬನ್ನಿ, ಇವತ್ತು ನಾನು ಏಳೋ ಹಂಗಿಲ್ಲ, ಕಾಲಿಗೆ ಗಾಜು ಚುಚ್ಕೊಂಡಿದೆ" ಎಂದರು. ಅವತ್ತಿನಿಂದ ಬೀದಿಗೆಲ್ಲ ಅದು ಗಾಜೇ ಆಯಿತು. ಅಯ್ಯೋ ಪಾಪ ಎನ್ನಿಸಿಕೊಳ್ಳುವುದು ಅವರಿಗೆ ಆಗದು. ಅಣ್ಣ ಹೋದಾಗ ಬೀದಿಯವರು ಎರಡು ವರ್ಷ ಅಯ್ಯೋ ಪಾಪ ಎಂದದ್ದೇ ಸಾಕಾಗಿತ್ತು.

ಮಾರನೆಯ ದಿನದಿಂದ ಮೆಷಿನ್ ತುಳಿಯುವ ಸರದಿ ನನ್ನದು. ಇಪ್ಪತ್ತು ವರ್ಷದಿಂದ ಪಕ್ಕದಲ್ಲೇ ಕೂತು ನೋಡಿದ್ದೇನೆ, ಏನು ಮಹಾ ಎಂದುಕೊಂಡಿದ್ದೆ. ಅರ್ಧ ದಿನಕ್ಕೆ ಮೊಣಕಾಲು ಹಿಡಿಯಿತು, ಒಂದು ದಿನಕ್ಕೆ ಸೊಂಟ. ದಾರ ಕಡಿಯುತ್ತಿತ್ತು, ಬಾಬಿನ್ ಸಿಕ್ಕಾಗುತ್ತಿತ್ತು, ಹೊಲಿಗೆ ಹಾವಿನ ಹಾದಿ ಹಿಡಿಯುತ್ತಿತ್ತು. ಅತ್ತಿಗೆ ಎದುರಿಗೆ ಸ್ಟೂಲಿನ ಮೇಲೆ ಕಾಲು ಚಾಚಿಕೊಂಡು ಹುಕ್ಕು ಹಾಕುತ್ತಾ ಕೂತಲ್ಲಿಂದಲೇ ಆಜ್ಞೆ ಮಾಡುತ್ತಿದ್ದರು.

"ಪೆಡಲ್ ತುಳಿ ಅಂದೆ, ಜಾಡಿಸಿ ಒದಿ ಅನ್ಲಿಲ್ಲ."

"ಮೆಷಿನ್ನೇ ಸರಿ ಇಲ್ಲ."

"ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ."

ಹೀಗೆ ದಿನ ಹೋಗುತ್ತಿತ್ತು. ಸುಸ್ತು ಎಂದರೆ ಎಂಥ ಸುಸ್ತು. ಕೆಲಸದ್ದು ಮಾತ್ರವಲ್ಲ, ಆ ಹತ್ತು ದಿನ ಎನ್ನುವುದನ್ನು ಹೊತ್ತು ತಿರುಗುವುದರ ಸುಸ್ತು. ಪಾತ್ರೆ ತೊಳೆಯುವಾಗ ಅದೇ, ಇಸ್ತ್ರಿ ಪೆಟ್ಟಿಗೆ ಹಿಡಿದಾಗಲೂ ಅದೇ. ಗಿರಾಕಿ ಕಾಲರಿನ ಬಗ್ಗೆ ಹೇಳುತ್ತಿದ್ದರೆ ನನ್ನ ಕಣ್ಣು ಅತ್ತಿಗೆಯ ಬ್ಯಾಂಡೇಜಿನ ಮೇಲೆ. ಒಂದೂವರೆ ವರ್ಷ ಆ ಅಂಗಾಲನ್ನು ದಿನಾ ನೋಡಿದವಳು ನಾನು. ಗದರುವ ಬದಲು ಒಂದು ಸಲ ಬಗ್ಗಿ ನೋಡಿದ್ದರೆ? ಅದನ್ನು ಅವರಿಗೆ ಹೇಳಲು ಎರಡು ಸಲ ಹೊರಟೆ, ಎರಡು ಸಲವೂ ಬಾಯಿಂದ ಬೇರೇನೋ ಬಂತು.

ಆರನೆಯ ದಿನ ಮಧ್ಯಾಹ್ನ ಅವರೇ ಮಾತು ತೆಗೆದರು. "ಕಾಲೇ ತೆಗೀಬೇಕು ಅಂದ್ಬಿಟ್ರೆ ಏನೇ ಮಾಡೋದು?"

"ಮೆಷಿನ್ನಿಗೆ ಕರೆಂಟ್ ಮೋಟಾರ್ ಹಾಕ್ಸೋಣ."

"ಅದಕ್ಕೂ ಒಂದು ಕಾಲು ಬೇಕು."

"ಎಡಗಾಲು ಏನು ಸಿಂಗಾರಕ್ಕಾ ಇರೋದು?"

ಅವರು ಒಂದು ಹುಕ್ಕು ಹಾಕಿ ದಾರ ಕಡಿದರು. "ಸತ್ತೇ ಹೋದ್ರೆ?"

"ಹೋಗಿ. ನಾನು ಹೊಲಿತೀನಿ ಅಂಗಡಿ ನಡೆಸ್ಕೊಂಡು."

"ಹಂಗಾದ್ರೆ ಗಿರಾಕಿಗಳೂ ನನ್ನ ಹಿಂದೇನೇ ಬರ್ತಾರೆ ಬಿಡು."

ಇಬ್ಬರೂ ನಕ್ಕೆವು. ಆಮೇಲೆ ನಾನು ಹಿತ್ತಲಿಗೆ ಹೋಗಿ, ನಲ್ಲಿ ಬಿಟ್ಟು, ಆ ಸದ್ದಿನಲ್ಲಿ ಸ್ವಲ್ಪ ಹೊತ್ತು ಅತ್ತೆ. ಅವರು ಇಲ್ಲದ ಈ ಮನೆಯನ್ನು ನೆನೆಸಿಕೊಳ್ಳಲು ನನ್ನಿಂದ ಆಗಲಿಲ್ಲ. ಅಣ್ಣ ಸತ್ತಾಗ ಅವರು ಇದ್ದರು. ಅವರು ಸತ್ತರೆ ಯಾರಿರುತ್ತಾರೆ?

ಹತ್ತನೆಯ ದಿನ ಬೆಳಿಗ್ಗೆ ನಾನು ಹೊರಡಲು ಸಿದ್ಧಳಾಗಿ ಚೀಟಿ ಕೇಳಿದೆ. ಅತ್ತಿಗೆ ಕೈಚೀಲಕ್ಕೆ ಕೈ ಹಾಕಿದರು, ಚೀಲವನ್ನು ಮಗುಚಿದರು, ಒಳಮೈ ಹೊರಗೆ ಮಾಡಿದರು. ಚೀಟಿ ಇಲ್ಲ. ತಲೆ ಮರೆತು ಬರುವವಳು ಯಾರು ಎಂದು ಕೇಳಬೇಕೆಂದುಕೊಂಡೆ, ಅವರ ಮುಖ ನೋಡಿ ಕೇಳಲಿಲ್ಲ. ದಿಂಬಿನ ಕೆಳಗೆ, ಔಷಧಿಯ ಡಬ್ಬಿಯಲ್ಲಿ, ಮೆಷಿನ್ನಿನ ಡ್ರಾಯರಿನಲ್ಲಿ ಹುಡುಕಿ ಸಾಕಾಗಿ, ಹಾಗೇ ಆಸ್ಪತ್ರೆಗೆ ಓಡಿದೆ.

ಕಿಟಕಿಯವನು ತಲೆ ಎತ್ತಲಿಲ್ಲ. "ಚೀಟಿ ನಂಬರ್ ಇಲ್ದೆ ಕೊಡಲ್ಲ."

"ಹೆಸರು ಹೇಳ್ತೀನಿ, ಹುಡುಕಿ ಕೊಡಿ."

ಹುಡುಕಿದ. "ಈ ಹೆಸರಲ್ಲಿ ಈ ವಾರ ಐದು ಜನ ಇದ್ದಾರೆ. ಇನ್ನೊಬ್ಬರ ರಿಪೋರ್ಟ್ ನಿಮ್ಗೆ ಕೊಟ್ಬಿಟ್ರೆ? ಅವರಿಗಿರೋದು ನಿಮ್ಗೆ, ನಿಮ್ಗಿರೋದು ಅವರಿಗೆ. ಹುಡುಗಾಟಾನಾ?"

ಡಾಕ್ಟರನ್ನು ಕೇಳೋಣವೆಂದರೆ ಅವರು ಎರಡು ದಿನ ರಜ. ಕಿಟಕಿಯವನ ಮಾತು ಸರಿಯಾಗಿತ್ತು, ಅದಕ್ಕೇ ನನಗೆ ಇನ್ನೂ ಸಿಟ್ಟು ಬಂತು. ಐದು ಜನರ ಕಾಗದಗಳು ಆ ಕಪಾಟಿನಲ್ಲಿವೆ, ಅದರಲ್ಲೊಂದು ನಮ್ಮದು, ಅದರಲ್ಲಿ ಏನಿದೆಯೋ ಆಗಲೇ ಬರೆದಾಗಿದೆ. ಎರಡು ಬಸ್ಸು ಬದಲಿಸಿ ಬರಿಗೈಲಿ ಮನೆಗೆ ಬಂದೆ.

ಅತ್ತಿಗೆ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ನಿದ್ದೆಯಲ್ಲ, ತುಟಿ ಅಲುಗುತ್ತಿತ್ತು. ಹತ್ತಿರ ಹೋದರೆ ಅಂಕಿಗಳು. "ಎದೆ ಮೂವತ್ನಾಲ್ಕು, ತೋಳು ಹದಿನೇಳು. ಅದನ್ನ ಕ್ಯಾಲೆಂಡರ್ ಚೂರಲ್ಲಿ ಬರ್ದೆ. ಆಮೇಲೆ ಪರದೆ, ಆರೂವರೆ ಅಡಿ, ಅದಕ್ಕೆ ಚೀಟಿನೇ ಬೇಡ ಅಂದೆ. ಆಮೇಲೆ ಸೊಂಟ ಮೂವತ್ತಾರು, ಉದ್ದ ಇಪ್ಪತ್ತೆಂಟು..." ಥಟ್ಟನೆ ಕಣ್ಣು ಬಿಟ್ಟರು. "ಲೇ, ಅದನ್ನ ಬರೆಯೋವಾಗ ಪೆನ್ನು ಚೆನ್ನಾಗಿ ಓಡ್ತು ಕಣೇ. ಕಾಗದ ದಪ್ಪಗಿತ್ತು. ನಮ್ಮ ಹಾಳು ಚೂರುಗಳ ಮೇಲೆ ಹಂಗೆ ಓಡಲ್ಲ. ಕೈಚೀಲದಿಂದ ತೆಗೆದ ಕಾಗದ ಅದು."

ಆಪರೇಷನ್ನಿನ ದಿನ, ಕಾಲು ಇನ್ನೂ ಮರಗಟ್ಟಿರುವಾಗ, ಇಪ್ಪತ್ತೈದು ವರ್ಷದ ಅಭ್ಯಾಸ ಕೈಯನ್ನು ಚೀಲಕ್ಕೆ ಹಾಕಿಸಿ, ಮೊದಲು ಸಿಕ್ಕ ಕಾಗದ ತೆಗೆಸಿ, ಹಿಂಬದಿಯಲ್ಲಿ ಅಳತೆ ಬರೆಸಿ, ಬಟ್ಟೆಗೆ ಚುಚ್ಚಿಸಿಬಿಟ್ಟಿತ್ತು. ಮತ್ತೆ ಯಾರಿಗೆ ಆಗುತ್ತದೆ ಇಂಥ ಎಡವಟ್ಟು?

ಸೊಂಟ ಮೂವತ್ತಾರು, ಉದ್ದ ಇಪ್ಪತ್ತೆಂಟು. ಅದು ಬೂದು ಬಣ್ಣದ ಸ್ಕರ್ಟು. ನಾನೇ ಪೂರ್ತಿಯಾಗಿ ಹೊಲಿದ ಮೊದಲ ಬಟ್ಟೆ. ಎರಡು ದಿನ ಆ ಚೀಟಿ ನನ್ನ ಮೂಗಿನ ಕೆಳಗೇ ಇತ್ತು, ಇಪ್ಪತ್ತು ಸಲ ಅಳತೆ ನೋಡಿದ್ದೆ, ಒಮ್ಮೆಯೂ ತಿರುಗಿಸಿ ನೋಡಿರಲಿಲ್ಲ. ಇಸ್ತ್ರಿ ಮಾಡಿ, ಮಡಚಿ, ಚೀಟಿ ಸಮೇತ ನನ್ನ ಕೈಯಾರೆ ಕೊಟ್ಟುಕಳಿಸಿದ್ದೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲಾ ಹುಡುಕಿದರಂತೆ, ಆ ಗಾದೆ ನನ್ನನ್ನು ನೋಡಿಯೇ ಹುಟ್ಟಿರಬೇಕು.

ಸ್ಕರ್ಟು ಹೋದದ್ದು ತಕರಾರಮ್ಮನಿಗೆ. ಆಕೆ ಹಿಂದಿನ ಬೀದಿಯವಳು, ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ. ತಕರಾರಮ್ಮ ಎಂಬುದು ನಾನಿಟ್ಟ ಹೆಸರು. ಯಾವ ಬಟ್ಟೆ ಕೊಟ್ಟರೂ ಮಾರನೆಯ ದಿನವೇ ಹಿಡಿದುಕೊಂಡು ಬರುವ ಗಿರಾಕಿ: ತೋಳು ಎತ್ತಿದರೆ ಎಳೆಯುತ್ತದೆ, ಕೂತರೆ ಸುಕ್ಕಾಗುತ್ತದೆ, ಗುಂಡಿಗಳ ನಡುವೆ ಬಟ್ಟೆ ಬಾಯಿ ಬಿಡುತ್ತದೆ. ಈ ಸಲ ಸ್ಕರ್ಟು ಕೊಟ್ಟು ವಾರವಾದರೂ ಪತ್ತೆಯಿಲ್ಲ. ನನ್ನ ಹೊಲಿಗೆ ಅಷ್ಟು ಚೆನ್ನಾಗಿ ಬಂದಿದೆ ಎಂದುಕೊಂಡು ನಾನು ಬೀಗಿದ್ದೆ ಬೇರೆ.

ಸಂಜೆ ಆಕೆ ಕೆಲಸದಿಂದ ಬರುವ ಹೊತ್ತಿಗೆ ಮನೆ ಬಾಗಿಲಲ್ಲಿ ನಿಂತೆ. ಆಕೆ ಅದೇ ಸ್ಕರ್ಟಿನಲ್ಲಿ ಬಂದಳು, ಹೆಜ್ಜೆ ಚಿಕ್ಕ ಚಿಕ್ಕದಾಗಿ ಇಡುತ್ತಾ. ನನ್ನನ್ನು ನೋಡಿದ್ದೇ ನಿಂತುಬಿಟ್ಟಳು. ನಾನು ಏನೂ ಕೇಳುವ ಮೊದಲೇ ಒಳಗೆ ಹೋಗಿ ಹಳದಿ ಚೀಟಿ ತಂದು ಕೈಗಿಟ್ಟಳು.

"ಓದಿದ್ರಾ?" ಎಂದೆ.

"ಓದ್ದೆ. ವಾಪಸ್ ಕೊಡೋಣ ಅಂತ ಎರಡು ಸಲ ನಿಮ್ಮ ಬಾಗಿಲವರೆಗೂ ಬಂದೆ. ನೀವು ಮೆಷಿನ್ ತುಳೀತಿದ್ರಿ, ಅವರು ಕಾಲು ಮೇಲಿಟ್ಕೊಂಡು ನಿಮ್ಮನ್ನ ಬೈತಿದ್ರು. ಗಾಜು ಚುಚ್ತು ಅಂತ ಹೇಳ್ಕೊಂಡಿದ್ದಾರೆ, ನಾನು ಈ ಚೀಟಿ ಹಿಡ್ಕೊಂಡು ಹೆಂಗೆ ಒಳಗೆ ಬರ್ಲಿ? ಏನು ಅಂತ ಹೇಳ್ಲಿ? ಧೈರ್ಯ ಬರ್ಲಿಲ್ಲ. ತಡ ಆಯ್ತಾ?"

ಆಕೆಯನ್ನು ಬೈಯಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಒಂದೂ ಹೊರಡಲಿಲ್ಲ. "ಇಲ್ಲ, ಇವತ್ತೇ ಹತ್ತು ದಿನ" ಎಂದೆ. ಆಮೇಲೆ, "ಸ್ಕರ್ಟ್ ಸೊಂಟದಲ್ಲಿ ಬಿಗಿ ಆಗಿದೆ ಅಲ್ವಾ?"

"ಉಸಿರಾಡೋಕೆ ಆಗಲ್ಲ."

"ಕೊಡಿ, ಬಿಚ್ಚಿ ಸಡಿಲ ಮಾಡ್ತೀನಿ."

"ಬೇಡ ಬಿಡಿ. ನಾನೇ ಊಟ ಕಡಿಮೆ ಮಾಡ್ತೀನಿ" ಎಂದಳು ತಕರಾರಮ್ಮ. ಹದಿನೈದು ವರ್ಷದಲ್ಲಿ ಆಕೆಯ ಬಾಯಿಂದ ಇಂಥ ಮಾತು ನಾನು ಕೇಳಿದ್ದು ಅದೇ ಮೊದಲು.

ಡಾಕ್ಟರು ರಜದಿಂದ ಬರುವ ದಿನ ಇಬ್ಬರೂ ಒಟ್ಟಿಗೆ ಹೋದೆವು. ಅತ್ತಿಗೆ ನನ್ನ ಹೆಗಲಿನ ಮೇಲೆ ಭಾರ ಹಾಕಿ ಎಡಗಾಲಲ್ಲಿ ಕುಪ್ಪಳಿಸುತ್ತಾ ಬಂದರು. ಕಿಟಕಿಯವನು ನಂಬರು ನೋಡಿ ಅಂಟಿಸಿದ ಲಕೋಟೆ ಕೊಟ್ಟ. ತೆರೆದರೂ ನಮಗೇನು ತಿಳಿಯುತ್ತಿತ್ತು, ತೆರೆಯಲಿಲ್ಲ. ಬೆಂಚಿನ ಮೇಲೆ ನಮ್ಮ ಮುಂದೆ ಹದಿನೊಂದು ಜನ. ಅತ್ತಿಗೆ ಲಕೋಟೆಯನ್ನು ತೊಡೆಯ ಮೇಲಿಟ್ಟುಕೊಂಡು ಅಂಗೈಯಲ್ಲಿ ಸುಕ್ಕು ಬಿಡಿಸುತ್ತಲೇ ಇದ್ದರು. ನಾನು ಬೇಡ ಎನ್ನಲಿಲ್ಲ. ಸಾಕಾಗಿ ಹೋಗಿತ್ತು ನನಗೂ.

ಡಾಕ್ಟರು ಓದಿ, ಕಾಗದ ಕೆಳಗಿಟ್ಟು, ನೇರವಾಗಿ ಹೇಳಿದರು. "ಕೆಟ್ಟದ್ದೇ ಅಮ್ಮ. ಕ್ಯಾನ್ಸರ್. ಆದ್ರೆ ಚರ್ಮದ ಮೇಲ್ಪದರದಲ್ಲೇ ಇದೆ, ಆಳಕ್ಕೆ ಇಳಿದಿಲ್ಲ. ಅದೇ ಜಾಗದಲ್ಲಿ ಸುತ್ತಲೂ ಇನ್ನೂ ಸ್ವಲ್ಪ ಅಗಲವಾಗಿ ತೆಗೀಬೇಕು. ಕಾಲು ಹೋಗಲ್ಲ. ಆಮೇಲೆ ಮೂರು ತಿಂಗಳಿಗೊಂದು ಸಲ ಬಂದು ತೋರಿಸ್ತಾ ಇರಬೇಕು."

"ಎಷ್ಟು ವರ್ಷ?"

"ಬಹಳ ವರ್ಷ."

"ಮೆಷಿನ್ ತುಳೀಬಹುದಾ?"

"ಗಾಯ ಪೂರ್ತಿ ಮಾಗಿದ ಮೇಲೆ, ನಿಧಾನಕ್ಕೆ ತುಳೀಬಹುದು."

ಅತ್ತಿಗೆ ತಲೆಯಾಡಿಸಿದರು. ಕಣ್ಣಲ್ಲಿ ಒಂದು ಹನಿ ಇಲ್ಲ. ಅಳುವುದಕ್ಕೂ ಮೈಯಲ್ಲಿ ಸ್ವಲ್ಪ ಕಸುವು ಬೇಕಲ್ಲ, ಅದು ಇಬ್ಬರಲ್ಲೂ ಉಳಿದಿರಲಿಲ್ಲ. ನಾನು ಮೇಜಿನ ಅಂಚು ಹಿಡಿದುಕೊಂಡು ನಿಂತಿದ್ದೆ. ಕ್ಯಾನ್ಸರ್ ಎಂಬ ಮಾತಾದ ಮೇಲೆ ಉಳಿದ ಮಾತುಗಳು ಕಿವಿಯಿಂದ ಒಳಗೆ ಹೋಗಲು ತುಂಬ ಹೊತ್ತು ಹಿಡಿಯಿತು.

ಡಾಕ್ಟರು ಬರೆಯುತ್ತಾ, "ಒಡಹುಟ್ಟಿದವರು ಯಾರಾದ್ರೂ ಇದ್ರೆ ಅವರ ಅಂಗಾಲು, ಅಂಗೈ ಎಲ್ಲಾ ಒಂದ್ಸಲ ನೋಡಿಸ್ಬಿಡಿ. ಒಳ್ಳೇದು" ಎಂದರು.

ಅತ್ತಿಗೆಗೆ ಒಡಹುಟ್ಟಿದವರು ಯಾರೂ ಇಲ್ಲ. ನಾನು ಅದನ್ನು ಹೇಳಲು ಹೊರಟೆ. ಅಷ್ಟರಲ್ಲಿ ಅವರು ನನ್ನ ಮೊಣಕೈ ಹಿಡಿದು ಮುಂದಕ್ಕೆ ಎಳೆದರು.

"ಇವಳದ್ದು ನೋಡಿ."

"ಇವರು ನಿಮ್ಗೆ ಏನಾಗ್ಬೇಕು?"

"ನನ್ನ ತಂಗಿ."

"ಅತ್ತಿಗೆ, ನಾನು..." ಎಂದೆ. ಅವರು ತೋಳನ್ನು ಚಿವುಟಿದರು, ನೋಯುವ ಹಾಗೇ ಚಿವುಟಿದರು. 'ಅತ್ತಿಗೆ' ಎಂದದ್ದು ಡಾಕ್ಟರಿಗೂ ಕೇಳಿಸಿರಬೇಕು. ಅವರು ಇಬ್ಬರನ್ನೂ ನೋಡಿ ಭೂತಗನ್ನಡಿ ಕೈಗೆತ್ತಿಕೊಂಡರು. ನಾನು ಚಪ್ಪಲಿ ಬಿಟ್ಟು ಮಂಚದ ಮೇಲೆ ಕೂತೆ. ಅಂಗಾಲು ತುಂಬ ಬಿರುಕು, ಹತ್ತು ಹನ್ನೊಂದು ದಿನ ಪೆಡಲ್ ತುಳಿದು ಬೆರಳ ಬುಡದಲ್ಲಿ ಬೊಬ್ಬೆ. ನಾಚಿಕೆಯಾಯಿತು. ಡಾಕ್ಟರು ಒಂದೊಂದೇ ಬೆರಳು ಬಿಡಿಸಿ ನೋಡಿದರು.

"ಏನೂ ಇಲ್ಲ."

"ಇನ್ನೊಂದು ಕಾಲು?" ಎಂದರು ಅತ್ತಿಗೆ. ಕುರ್ಚಿಯಿಂದ ಅರ್ಧ ಎದ್ದಿದ್ದರು, ಊರಬಾರದ ಕಾಲನ್ನು ಊರಿಕೊಂಡು.

ಇನ್ನೊಂದನ್ನೂ ನೋಡಿದರು, ಎರಡು ಅಂಗೈಗಳನ್ನೂ ನೋಡಿದರು. "ಇಲ್ಲಮ್ಮ. ಇವರಿಗೆ ಏನೂ ಇಲ್ಲ. ಆರಾಮಾಗಿದ್ದಾರೆ."

ಆಗ ಅತ್ತಿಗೆ ಅತ್ತರು. ಕುರ್ಚಿಯಲ್ಲಿ ಕುಸಿದು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, ಭುಜ ಕುಲುಕುತ್ತಾ ಅತ್ತರು. ಮಚ್ಚೆ ಕಂಡ ದಿನದಿಂದ, ಅಣ್ಣ ಹೋದ ದಿನದಿಂದಲೂ ಇರಬಹುದು, ನಾನು ಅವರನ್ನು ಹೀಗೆ ನೋಡಿರಲಿಲ್ಲ. ನಾನು ಮಂಚದಿಂದ ಇಳಿದು ಬರಿಗಾಲಲ್ಲೇ ಅವರ ಹತ್ತಿರ ಹೋಗಿ ಕೂತೆ.

"ಅತ್ತಿಗೆ, ಕಾಯಿಲೆ ಇರೋದು ನಿಮ್ಗೆ" ಎಂದೆ.

"ಗೊತ್ತು ಕಣೇ" ಎಂದರು ಅಳುತ್ತಲೇ. "ನೀನು ಮೊದ್ಲು ಚಪ್ಪಲಿ ಹಾಕ್ಕೋ. ನೆಲ ತಣ್ಣಗಿದೆ."